ನಾಲ್ಕು ಗಂಟೆಯ ಗಾಳಿ

ಗಾಳಿ ಮೇಷ್ಟ್ರಿಗೆ ಸಂಬಳ ಬರುತ್ತಿದ್ದದ್ದು ತಾವು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಇರುವುದಕ್ಕೆ. ತಮಾಷೆ ಅಂದುಕೊಳ್ಳಬೇಡಿ, ಅವರ ಕೆಲಸದ ನಿಯಮವೇ ಹಾಗಿತ್ತು. ಗುಡ್ಡದ ನೆತ್ತಿಯಲ್ಲಿ ಎರಡು ಕೋಣೆಯ ಒಂದು ಕಟ್ಟಡ. ಪಕ್ಕದಲ್ಲಿ ಹತ್ತಾಳೆತ್ತರದ ಕಬ್ಬಿಣದ ಕಂಬ. ಕಂಬದ ತುದಿಯಿಂದ ಬೆರಳು ದಪ್ಪದ ಒಂದು ಪೈಪು ಇಳಿದು, ಗೋಡೆ ತೂರಿ, ಹಿಂದಿನ ಕೋಣೆಯಲ್ಲಿದ್ದ ಯಂತ್ರಕ್ಕೆ ಸೇರುತ್ತಿತ್ತು. ಒಂದು ಪಂಪು ಹಗಲೂ ರಾತ್ರಿ ಗುಂಯ್‌ಗುಟ್ಟುತ್ತಾ ಮೇಲಿನ ಗಾಳಿಯನ್ನು ಎಳೆದು ಎಳೆದು ಯಂತ್ರಕ್ಕೆ ಕುಡಿಸುತ್ತಿತ್ತು.

ಯಂತ್ರ ನೋಡಲು ಹಳೆಯ ಸೂಟ್‌ಕೇಸಿನಷ್ಟು. ಅದರೊಳಗೆ ಎದುರುಬದುರು ಕನ್ನಡಿಗಳು, ನಡುವೆ ಕಣ್ಣಿಗೆ ಕಾಣದ ಲೇಸರ್ ಬೆಳಕು. ಆ ಬೆಳಕು ಕನ್ನಡಿಯಿಂದ ಕನ್ನಡಿಗೆ ಸಾವಿರಾರು ಸಲ ಓಡಾಡಿ ಕೊನೆಗೆ ನಂದುತ್ತದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದರೆ ಬೇಗ ನಂದುತ್ತದೆ, ಕಡಿಮೆ ಇದ್ದರೆ ತಡವಾಗಿ. ಎಷ್ಟು ಬೇಗ ನಂದಿತು ಅನ್ನುವುದನ್ನು ಅಳೆದು, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆ ಅನಿಲ ಎಷ್ಟು ಪಾಲು ಅಂತ ಪರದೆಯ ಮೇಲೆ ತೋರಿಸುತ್ತದೆ. ನಾನೂರ ಇಪ್ಪತ್ತು, ನಾನೂರ ಇಪ್ಪತ್ತೊಂದು, ಹೀಗೆ. ಜನರ ಗಲಾಟೆ ತಾಗದ ಗಾಳಿ ಹೇಗಿದೆ, ವರ್ಷದಿಂದ ವರ್ಷಕ್ಕೆ ಎಷ್ಟು ಏರುತ್ತಿದೆ ಅಂತ ತಿಳಿಯಬೇಕು, ಅದಕ್ಕೇ ಆ ಬೋಳು ಗುಡ್ಡವನ್ನು ಆರಿಸಿದ್ದು. ಆದರೆ ಮನುಷ್ಯ ಬಿಡುವ ಉಸಿರಿನಲ್ಲಿ ಅದೇ ಅನಿಲ ನಲವತ್ತು ಸಾವಿರ ಪಾಲು ಇರುತ್ತದೆ. ಪೈಪಿನ ಬಾಯಿಯ ಹತ್ತಿರ ಯಾರಾದರೂ ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಪರದೆಯ ಮೇಲಿನ ಅಂಕಿ ತಲೆ ಕೆಟ್ಟ ಹಾಗೆ ಹಾರುತ್ತದೆ.

ಹಾಗಾಗಿ ಮೇಷ್ಟ್ರು ಕಂಬ ಹತ್ತಿ ಪೈಪಿನ ಬಾಯಿಗೆ ಹಾಕಿದ ಜಾಲರಿ ಒರೆಸುವಾಗ ಉಸಿರು ಕಟ್ಟಬೇಕು, ಇಳಿದು ಬಂದ ಮೇಲೆ ಹತ್ತಿದ ಹೊತ್ತು, ಇಳಿದ ಹೊತ್ತು ಎರಡನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಕೆಳಗಿನ ನಗರದಲ್ಲಿರುವ ಕಚೇರಿಯವರು ಆ ನಿಮಿಷಗಳನ್ನು ದಾಖಲೆಯಿಂದ ಕಿತ್ತು ಹಾಕುತ್ತಾರೆ. ಎಂಟು ವರ್ಷದಿಂದ ಮೇಷ್ಟ್ರು ಇದ್ದ ನಿಮಿಷಗಳನ್ನೆಲ್ಲ ಅಕ್ಕಿಯಲ್ಲಿನ ಕಲ್ಲಿನ ಹಾಗೆ ಆರಿಸಿ ಆರಿಸಿ ಎಸೆದಿದ್ದರು. ಅದರಲ್ಲಿ ಅವರಿಗೆ ಬೇಜಾರೇನೂ ಇರಲಿಲ್ಲ. ಇನ್ನೂ ಹೇಳಬೇಕೆಂದರೆ ಒಂದು ಬಗೆಯ ಹೆಮ್ಮೆಯೇ ಇತ್ತು.

ಮೇಷ್ಟ್ರು ಅಂದೆನಲ್ಲ, ಅವರು ಯಾವತ್ತೂ ಪಾಠ ಹೇಳಿದವರಲ್ಲ. ಆ ಹೆಸರಿಟ್ಟವನು ಗುಡ್ಡದ ಬುಡದಲ್ಲಿ ಇಟ್ಟಿಗೆ ಸುಡುವ ಗೂಡಿನವನು. ವಾರಕ್ಕೆರಡು ಸಲ ತನ್ನ ಟ್ರ್ಯಾಕ್ಟರಿನಲ್ಲಿ ಕುಡಿಯುವ ನೀರಿನ ಕ್ಯಾನು, ತರಕಾರಿ, ದಿನಸಿ ಹೇರಿಕೊಂಡು ಮೇಲೆ ಬರುತ್ತಿದ್ದ. ಬಂದವನು ಒಂದು ಲೋಟ ಟೀ ಕುಡಿದು, ಅರ್ಧ ಗಂಟೆ ಊರ ಸುದ್ದಿಯನ್ನೆಲ್ಲ ಹರವಿ ಹೋಗುತ್ತಿದ್ದ. "ಗಾಳಿಗೆ ಮಾರ್ಕ್ಸ್ ಹಾಕೋರು ಮೇಷ್ಟ್ರಲ್ದೆ ಇನ್ನೇನು?" ಅನ್ನುವುದು ಅವನ ವಾದ. ಅವನನ್ನು ಬಿಟ್ಟರೆ ಮೇಷ್ಟ್ರು ಮುಖ ನೋಡಿ ಮಾತಾಡುವ ಪ್ರಾಣಿ ಇನ್ನೊಂದಿರಲಿಲ್ಲ. ವಯಸ್ಸು ಐವತ್ತಾರು, ಮದುವೆ ಆಗಿರಲಿಲ್ಲ. ಯಾಕೆ ಅಂದರೆ "ಆಗಲಿಲ್ಲ" ಅನ್ನುತ್ತಿದ್ದರು, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಒಬ್ಬಳು ಅಕ್ಕ ಇದ್ದಳು. ಅವರಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಎತ್ತಿ ಆಡಿಸಿದವಳೂ ಅವಳೇ, ಕಿವಿ ಹಿಂಡಿ ಓದಿಸಿದವಳೂ ಅವಳೇ. ಭಾವ ಹೋದ ಮೇಲೆ, ಅಂದರೆ ಒಂದೂಮುಕ್ಕಾಲು ವರ್ಷದಿಂದ, ದಿನಾ ಸಂಜೆ ನಾಲ್ಕಕ್ಕೆ ತಮ್ಮನಿಗೆ ಫೋನು ಮಾಡುತ್ತಿದ್ದಳು. ನಾಲ್ಕು ಅಂದರೆ ನಾಲ್ಕೇ, ಗಡಿಯಾರ ಬೇಕಿದ್ದರೆ ಅವಳನ್ನು ನೋಡಿ ತಿದ್ದಿಕೊಳ್ಳಬೇಕು.

"ಏನೋ ಪುಟ್ಟ, ಇವತ್ತೆಷ್ಟೋ ನಿನ್ನ ಗಾಳಿ?"

"ನಾನೂರ ಇಪ್ಪತ್ತು."

"ನಿನ್ನೆಗಿಂತ ಒಂದು ಕಮ್ಮಿ. ನನ್ನ ಶುಗರ್ ನೋಡು, ಇಳಿಯೋ ಮಾತೇ ಎತ್ತಲ್ಲ. ಊಟ ಮಾಡ್ದ್ಯಾ?"

"ನಾಲ್ಕು ಗಂಟೆಗೆ ಊಟ ಆಗಿರಲ್ವೇನೇ ಅಕ್ಕ?"

"ನಿನ್ನ ನಂಬೋಕಾಗಲ್ಲ. ಬೆಳಿಗ್ಗೆದೇ ಬಿಸಿ ಮಾಡ್ಕೊಂಡು ತಿಂದಿರ್ತೀಯ, ಮಾರಾಯ."

ತಿಂದಿರುತ್ತಿದ್ದರು. ಅಲ್ಲಿಂದ ಶುರುವಾದರೆ ಪಕ್ಕದ ಮನೆಯ ಸೊಸೆ, ನಲ್ಲಿಯಲ್ಲಿ ಬಾರದ ನೀರು, ಮೊಣಕಾಲಿಗೆ ಹಚ್ಚಿದ ಎಣ್ಣೆ, ಭಾವ ಬದುಕಿದ್ದಾಗ ಮಾಡಿದ ಎಡವಟ್ಟುಗಳು, ಎಲ್ಲ ಒಂದಾದ ಮೇಲೊಂದು. ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ ಮೇಷ್ಟ್ರು ಆ ಒಂದು ಗಂಟೆ ನಗುತ್ತಿದ್ದರು, ವಾದ ಮಾಡುತ್ತಿದ್ದರು, ಮಧ್ಯೆ ಮಧ್ಯೆ ಹಳೇ ಸಿನಿಮಾ ಹಾಡೂ ಗುನುಗುತ್ತಿದ್ದರು. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಇಡೀ ಗುಡ್ಡದಲ್ಲಿ ಒಂದೇ ಕಡೆ: ಹಿಂದಿನ ಕೋಣೆಯ ಮೂಲೆ, ಪಂಪಿನ ಪಕ್ಕ. ಅಲ್ಲೊಂದು ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಚೇರಿಯ ತಂತಿ ಫೋನು ಇತ್ತು ನಿಜ. ಆದರೆ ಸರ್ಕಾರದ ಫೋನಿನಲ್ಲಿ ಸ್ವಂತ ಮಾತು ಆಡಬಾರದು ಅನ್ನುವುದು ಮೇಷ್ಟ್ರು ತಾವೇ ಹಾಕಿಕೊಂಡ ಕಟ್ಟುಪಾಡು. ಹಾಳು ಕಟ್ಟುಪಾಡು ಅಂತ ನಾನು ಹೇಳುತ್ತೇನೆ, ಅದೊಂದು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಷ್ಟು ನಿಯತ್ತಿನ ಮನುಷ್ಯ ಒಂದು ಕಡೆ ಮಾತ್ರ ಕಳ್ಳಾಟ ಆಡಿದ್ದರು.

ಕಂಬದಿಂದ ಯಂತ್ರದವರೆಗೆ ಪೈಪಿನಲ್ಲಿ ಹನ್ನೊಂದು ಜಾಯಿಂಟು. ಯಾವುದಾದರೂ ಸಡಿಲವಾದರೆ ಪಂಪಿನ ಎಳೆತಕ್ಕೆ ಕೋಣೆಯ ಗಾಳಿ ಒಳಗೆ ನುಗ್ಗಿ, ಹೊರಗಿನ ಗಾಳಿಯ ಜೊತೆ ಬೆರೆತುಬಿಡುತ್ತದೆ. ಅದನ್ನು ಪತ್ತೆ ಹಚ್ಚುವುದು ಬಹಳ ಸುಲಭ. ತಿಂಗಳ ಮೊದಲ ಸೋಮವಾರ ಒಂದೊಂದು ಜಾಯಿಂಟಿನ ಮೇಲೂ ಬಾಯಿಂದ ಉಫ್ ಅಂತ ಊದುವುದು, ಪರದೆ ನೋಡುವುದು. ಅಂಕಿ ಹಾರಿದರೆ ಸೋರುತ್ತಿದೆ ಅಂತ ಅರ್ಥ. ಹಾರದಿದ್ದರೆ ಪಟ್ಟಿಯಲ್ಲಿ ಟಿಕ್ ಹಾಕುವುದು. ಹತ್ತು ಜಾಯಿಂಟುಗಳು ಕೈಗೆ ಸಿಗುವಲ್ಲಿದ್ದವು. ಹನ್ನೊಂದನೆಯದು ಪಂಪಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ. ಅದಕ್ಕೆ ಊದಬೇಕಾದರೆ ನೆಲದ ಮೇಲೆ ಮಗ್ಗುಲಾಗಿ ಮಲಗಿ ಕತ್ತು ತೂರಿಸಬೇಕು. ಕಂಬ ಹತ್ತಲು ಮೇಷ್ಟ್ರಿಗೆ ಅಡ್ಡಿಯಿರಲಿಲ್ಲ, ಅಲ್ಲಿ ಕೈಯ ಬಲ ಸಾಕಿತ್ತು. ಆದರೆ ಎರಡು ವರ್ಷದ ಹಿಂದೆ ಸೊಂಟ ಹಿಡಿದುಕೊಂಡ ಮೇಲೆ ನೆಲಕ್ಕೆ ಮಲಗಿದರೆ ಏಳುವುದು ಕಷ್ಟವಾಗಿತ್ತು. ಒಂದು ತಿಂಗಳು ಬಿಟ್ಟರು. ಏನೂ ಆಗಲಿಲ್ಲ. ಮುಂದಿನ ತಿಂಗಳೂ ಬಿಟ್ಟರು. ಟಿಕ್ ಮಾತ್ರ ಹನ್ನೊಂದೂ ಬೀಳುತ್ತಿದ್ದವು. ಕಚೇರಿಗೆ ಸೊಂಟದ ವಿಷಯ ತಿಳಿಸಿದರೆ ಗುಡ್ಡದಿಂದ ಇಳಿಸಿ ಯಾವುದೋ ಮೇಜಿನ ಹಿಂದೆ ಕೂರಿಸುತ್ತಾರೆ ಅನ್ನುವ ಹೆದರಿಕೆ. ಅಕ್ಕನ ಹತ್ತಿರ ಮಾತ್ರ ಒಂದು ದಿನ ನಗುನಗುತ್ತಾ ಹೇಳಿಕೊಂಡಿದ್ದರು. ಅವಳು ನಗಲಿಲ್ಲ.

"ಮಾಡದ್ದನ್ನ ಮಾಡ್ದೆ ಅಂತ ಬರೀತೀಯೇನೋ? ನಮ್ಮಪ್ಪನ ಮಗನಾಗಿ?"

"ಒಂದು ಜಾಯಿಂಟು ಕಣೇ. ಅದೆಲ್ಲಿಗೆ ಓಡಿಹೋಗುತ್ತೆ?"

ಇದಾದ ಮೇಲೆ ಒಂದು ದಿನ ಕಚೇರಿಯ ಮೇಡಂ ತಂತಿ ಫೋನಿಗೆ ಕರೆ ಮಾಡಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅಂಕಿಗಳನ್ನು ನೋಡಿ ತೀರ್ಮಾನಿಸುವವರು ಅವರೇ, ಮೇಷ್ಟ್ರನ್ನು ಬಾಯಿ ತುಂಬಾ ಸರ್ ಅನ್ನುವವರು.

"ಸರ್, ಸುಮಾರು ಒಂದು ವರ್ಷದಿಂದ ದಿನಾ ನಾಲ್ಕರಿಂದ ಐದರ ಮಧ್ಯೆ ಒಂದು ಸಣ್ಣ ಉಬ್ಬು ಬರ್ತಿದೆ. ಎರಡು, ಮೂರು ಪಾಲು, ಅಷ್ಟೇ. ಆದ್ರೆ ತಪ್ಪದೆ ಬರ್ತಿದೆ. ಜಾಯಿಂಟ್ ಎಲ್ಲಾ ಊದಿ ನೋಡ್ತಿದ್ದೀರಲ್ವಾ?"

"ಟಿಕ್ ಇದೆಯಲ್ಲ ಮೇಡಂ," ಅಂದರು ಮೇಷ್ಟ್ರು. ನೋಡಿದ್ದೇನೆ ಅನ್ನಲಿಲ್ಲ. ಆ ವ್ಯತ್ಯಾಸ ಅವರಿಗೆ ಗೊತ್ತಿತ್ತು, ಮೇಡಂಗೆ ಗೊತ್ತಾಗಲಿಲ್ಲ.

"ಹಾಗಾದ್ರೆ ಹೊರಗಡೆಯದ್ದೇ ಇರ್ಬೇಕು. ಹತ್ತಿರ ಏನಾದ್ರೂ ಉರಿಸ್ತಾರಾ?"

ಕೆಳಗೆ ಇಟ್ಟಿಗೆ ಗೂಡಿದೆ, ಮಧ್ಯಾಹ್ನ ಮೂರಕ್ಕೆ ಹೊಸ ಸೌದೆ ಹಾಕುತ್ತಾರೆ, ಆ ಹೊತ್ತಿಗೆ ಗಾಳಿ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ, ಅಂತ ಮೇಷ್ಟ್ರೇ ಹೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರು, ಅಷ್ಟೇ. ಎರಡು ತಿಂಗಳಾದ ಮೇಲೆ ಗೂಡಿನವನು ನೀರಿನ ಕ್ಯಾನಿನ ಜೊತೆ ಒಂದು ಪತ್ರವನ್ನೂ ತಂದ. ಮೊಹರು ಒತ್ತಿದ ಪತ್ರ.

"ಸ್ವಲ್ಪ ಓದಿ ಹೇಳಿ ಮೇಷ್ಟ್ರೇ. ನನ್ನ ಮಗಳು ಓದಿದ್ಲು, ನಂಗೆ ನಂಬಿಕೆ ಬರ್ಲಿಲ್ಲ."

ವೀಕ್ಷಣಾ ಕೇಂದ್ರದ ಗಾಳಿಯನ್ನು ಗೂಡು ಕೆಡಿಸುತ್ತಿರುವುದು ದಾಖಲೆಯಿಂದ ಕಂಡುಬಂದಿದೆ, ತಿಂಗಳ ಕೊನೆಯೊಳಗೆ ಅದನ್ನು ಮುಚ್ಚತಕ್ಕದ್ದು. ಮೇಷ್ಟ್ರು ಎರಡು ಸಲ ಓದಿದರು.

"ನಿಮ್ಮ ಮಿಷನ್ನು ಹಾಗೆ ಹೇಳ್ತಾ?"

"ಹೇಳುತ್ತೆ ಕಣಯ್ಯಾ. ನಾಲ್ಕು ಗಂಟೆಗೆ ಏರುತ್ತೆ."

"ಅದು ಹೇಳಿದ್ಮೇಲೆ ಸರಿನೇ ಇರುತ್ತೆ ಬಿಡಿ," ಅಂದ ಗೂಡಿನವನು. ಟೀ ಲೋಟ ಹಾಗೇ ಇಟ್ಟು ಎದ್ದು ಹೋದ. ಅವನು ಒಂದು ಬೈಗುಳವನ್ನಾದರೂ ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಸಂಜೆ ಅಕ್ಕನಿಗೆ ಹೇಳಿದರು. ಅವಳು ಎಲ್ಲ ಕೇಳಿ, "ಆ ಹನ್ನೊಂದನೇದನ್ನ ನೋಡಿದ್ಯಾ?" ಅಂದಳು. ಇವರು ಮಾತು ತೇಲಿಸಿದರು. ಮರುದಿನ ಮತ್ತೆ ಕೇಳಿದಳು. ಅದರ ಮರುದಿನವೂ ಕೇಳಿದಳು. ಅಕ್ಕನ ಹಠ ಅಂದರೆ ಹಿಡಿದದ್ದು ಬಿಡುವುದಲ್ಲ.

ಹನ್ನೆರಡನೇ ತಾರೀಖು ಮೇಷ್ಟ್ರು ಮೊಬೈಲನ್ನು ಮೂಲೆಯ ಮಣೆಯ ಮೇಲಿಟ್ಟು ಮುಂದಿನ ಕೋಣೆಯಲ್ಲೇ ಕೂತಿದ್ದರು, ನಾಲ್ಕು ಗಂಟೆಗೆ ಫೋನು ಬರಲಿಲ್ಲ. ನಾಲ್ಕೂಕಾಲಕ್ಕೆ ಬಂತು, ಆದರೆ ಮಾತಾಡಿದ್ದು ಅಕ್ಕನ ಮಗ. "ಮಾವ," ಅಂದ, ಆಮೇಲೆ ಅಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಎದ್ದಿರಲಿಲ್ಲ.

ಮೇಷ್ಟ್ರು ಗುಡ್ಡ ಇಳಿದು, ಎರಡು ಬಸ್ಸು ಬದಲಿಸಿ ಹೋದರು. ಮಾಡಬೇಕಾದ್ದೆಲ್ಲ ಮಾಡಿದರು. ನಾಲ್ಕನೆಯ ದಿನ ವಾಪಸ್ ಬಂದರು. ಪಂಪು ಗುಂಯ್‌ಗುಟ್ಟುತ್ತಲೇ ಇತ್ತು, ಯಂತ್ರ ಬರೆಯುತ್ತಲೇ ಇತ್ತು. ಅವರಿಲ್ಲದಿದ್ದರೂ ಅಲ್ಲಿ ಏನೂ ಏರುಪೇರಾಗಿರಲಿಲ್ಲ. ಸಂಜೆ ನಾಲ್ಕಾಯಿತು. ಆ ಮೂಲೆಯ ಕಡೆ ತಿರುಗಿಯೂ ನೋಡದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು, ಐದಾಗುವ ತನಕ ಕೂತೇ ಇದ್ದರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮಾತಾಡಬೇಕು ಅಂತ ಬಾಯಿ ತವಕಿಸುತ್ತಿತ್ತು, ಕೇಳಲು ಜನವಿರಲಿಲ್ಲ. ಐವತ್ತಾರು ವರ್ಷದ ಗಂಡಸು ಅನಾಥ ಅಂದರೆ ಜನ ನಗಬಹುದು. ಅವರಿಗೆ ಅನ್ನಿಸಿದ್ದು ಮಾತ್ರ ಅದೇ. ಇನ್ನು ಮೇಲೆ ತನ್ನನ್ನು ಪುಟ್ಟ ಅನ್ನುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ಹತ್ತು ದಿನ ಕಳೆದ ಮೇಲೆ ಮೇಡಂ ಫೋನು ಮಾಡಿದರು. ಸಾವಿನ ಸುದ್ದಿ ಕೇಳಿ ನಾಲ್ಕು ಸಮಾಧಾನದ ಮಾತು ಹೇಳಿದರು. ಆಮೇಲೆ ಕೆಲಸದ ಮಾತು.

"ಸರ್, ಹನ್ನೆರಡರಿಂದ ಆ ಉಬ್ಬು ನಿಂತೇ ಹೋಗಿದೆ. ಗೂಡು ಆಗ್ಲೇ ಮುಚ್ಚಿದ್ರಾ?"

ಮೇಷ್ಟ್ರು ಕಿಟಕಿಯಿಂದ ಕೆಳಗೆ ನೋಡಿದರು. ಗೂಡಿನವನು ಕೊನೆಯ ಸುತ್ತಿನ ಇಟ್ಟಿಗೆ ಸುಡುತ್ತಿದ್ದ. "ಇಲ್ಲ ಮೇಡಂ. ಹೊಗೆ ಬರ್ತಾನೇ ಇದೆ."

"ಹೌದಾ? ಹಾಗಾದ್ರೆ ಗಾಳಿ ದಿಕ್ಕು ಬದಲಾಗಿರ್ಬೇಕು. ಹೇಗೂ ವರದಿ ಹೋಗಾಗಿದೆ, ಬಿಡಿ."

ಮೇಡಂ ಬಿಟ್ಟರು, ಮೇಷ್ಟ್ರಿಗೆ ಬಿಡಲಾಗಲಿಲ್ಲ. ಹನ್ನೆರಡು ಅನ್ನುವ ತಾರೀಖು ಎದೆಗೆ ಚುಚ್ಚಿತ್ತು. ಕಂಪ್ಯೂಟರಿನಲ್ಲಿ ಹಿಂದಿನ ತಿಂಗಳುಗಳ ಗ್ರಾಫು ತೆಗೆದು ಒಂದೊಂದೇ ದಿನ ನೋಡುತ್ತಾ ಹೋದರು. ದಿನಾ ನಾಲ್ಕಕ್ಕೆ ಗೆರೆ ಏರುತ್ತಿತ್ತು. ಭಾನುವಾರಗಳಂದು ಉಬ್ಬು ಉದ್ದ. ಭಾನುವಾರ ಅಕ್ಕನಿಗೆ ಮನೆಗೆಲಸ ಕಡಿಮೆ, ಆರಾಮಾಗಿ ಕೂತು ಹರಟುತ್ತಿದ್ದಳು. ಒಂದು ವಾರ ಉಬ್ಬೇ ಇರಲಿಲ್ಲ. ಅದು ಅವಳು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ ವಾರ. ಇನ್ನೊಂದು ದಿನ ನಾಲ್ಕಕ್ಕೆ ಬದಲು ಆರಕ್ಕೆ ಏರಿತ್ತು. ಅವತ್ತು ಅವಳು ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದು ತಡವಾಗಿ ಫೋನು ಮಾಡಿದ್ದಳು, ಬಡಿಸಿದ್ದೇನೂ ಚೆನ್ನಾಗಿರಲಿಲ್ಲ ಅಂತ ಬೈದಿದ್ದಳು.

ಎದ್ದು ಹಿಂದಿನ ಕೋಣೆಗೆ ಹೋದರು. ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದು, ಹಲ್ಲು ಕಚ್ಚಿ, ಮಗ್ಗುಲಾಗಿ ಮಲಗಿ ಪಂಪಿನ ಹಿಂದೆ ಕತ್ತು ತೂರಿಸಿದರು. ಸೊಂಟದಲ್ಲಿ ಕಂಬಿ ಚುಚ್ಚಿದ ಹಾಗಾಯಿತು. ಹನ್ನೊಂದನೆಯ ಜಾಯಿಂಟಿನ ಮೇಲೆ ಉಫ್ ಅಂತ ಊದಿದರು. ತಲೆ ಹೊರಳಿಸಿ ಪರದೆ ನೋಡಿದರೆ ನಾನೂರ ಇಪ್ಪತ್ತೊಂದು ಇದ್ದದ್ದು ನಾನೂರ ಎಂಬತ್ತು ದಾಟಿತ್ತು. ಎರಡನೆಯ ಸಲ ಊದುವ ಅಗತ್ಯವಿರಲಿಲ್ಲ. ಅವರು ಅಲ್ಲೇ ಮಲಗಿದ್ದರು, ಏಳಲು ಆಗದೆಯೂ ಹೌದು, ಮನಸ್ಸಿಲ್ಲದೆಯೂ ಹೌದು.

ಗೂಡಿನದಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೋಟಿ ಬೆಲೆಯ ಆ ಲೇಸರು ದಿನಾ ನಾಲ್ಕಕ್ಕೆ ಅಳೆಯುತ್ತಿದ್ದದ್ದು ಅಕ್ಕನ ಜೊತೆ ಹರಟುವಾಗ ಇವರು ಬಿಟ್ಟ ಉಸಿರನ್ನು.

ಈಗ ಮೇಷ್ಟ್ರ ಮುಂದೆ ಇದ್ದದ್ದು ಇಷ್ಟು. ಬಾಯಿ ಬಿಟ್ಟರೆ ಗೂಡಿನವನ ಒಲೆ ಉಳಿಯುತ್ತದೆ. ತಮ್ಮ ಎಂಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಅದೂ ಹೋಗಲಿ. ಕಚೇರಿಯವರು ಆ ಗಂಟೆಗಳನ್ನೆಲ್ಲ ದಾಖಲೆಯಿಂದ ಕಿತ್ತು ಹಾಕುತ್ತಾರೆ. ಅದೇ ಅವರಿಗೆ ಸಹಿಸಲಾಗದ್ದು. ಅಕ್ಕನ ಒಂದು ಧ್ವನಿಮುದ್ರಿಕೆಯೂ ಇವರ ಹತ್ತಿರ ಇರಲಿಲ್ಲ, ಇದ್ದದ್ದು ಒಂದೆರಡು ಹಳೇ ಫೋಟೋ. ತಾವಿಬ್ಬರೂ ಮಾತಾಡಿದೆವು, ಇಂಥಾ ದಿನ, ಇಷ್ಟು ಹೊತ್ತು, ಅನ್ನುವುದಕ್ಕೆ ಲೋಕದಲ್ಲಿ ಉಳಿದಿದ್ದ ಗುರುತು ಅಂದರೆ ಆ ಉಬ್ಬುಗಳು. ಅವರಿಗೆ ಅವು ಬೇಕಾಗಿದ್ದವು. ಮೇಡಂ ಬಿಡಿ ಅಂದಾಗಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಜಾಯಿಂಟನ್ನು ಈಗಲೇ ಬಿಗಿ ಮಾಡಿಬಿಟ್ಟರೆ ದೇವರಿಗೂ ತಿಳಿಯುವುದಿಲ್ಲ.

ಎರಡು ದಿನ ಸುಮ್ಮನಿದ್ದರು. ಅದನ್ನು ಮುಚ್ಚಿಡುವುದು ಯಾಕೆ, ಪೂರ್ತಿ ಎರಡು ದಿನ ಅನ್ನ ಸೇರದೆ ಸುಮ್ಮನಿದ್ದರು. ಮೂರನೆಯ ದಿನ ಗೂಡಿನವನು ಬಂದ. ಕ್ಯಾನು ಇಳಿಸಿ, ಇನ್ನು ಮುಂದಿನ ವಾರದಿಂದ ನೀರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದ. ಟ್ರ್ಯಾಕ್ಟರು ಮಾರುತ್ತಿದ್ದಾನಂತೆ, ಗೂಡೇ ಇಲ್ಲದ ಮೇಲೆ ಅದು ಯಾಕೆ. ಆಮೇಲೆ ಬಾಗಿಲಲ್ಲೇ ನಿಂತು, "ನಿಮ್ಮಕ್ಕೋರು ಹೋಗ್ಬಿಟ್ರಂತಲ್ಲ ಮೇಷ್ಟ್ರೇ. ಒಬ್ರೇ ಇರ್ತೀರ. ಹೊತ್ತಿಗೆ ಸರಿಯಾಗಿ ಊಟ ಮಾಡಿ," ಅಂದ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಕೂತ್ಕೋ," ಅಂದರು. ಎಲ್ಲವನ್ನೂ ಹೇಳಿದರು. ಜಾಯಿಂಟು, ಟಿಕ್ಕು, ಸೊಂಟ, ಫೋನು, ಒಂದನ್ನೂ ಬಿಡಲಿಲ್ಲ.

"ಅಲ್ಲ ಮೇಷ್ಟ್ರೇ," ಅಂದ ಗೂಡಿನವನು. "ನೀವು ಮಾತಾಡಿದ್ದು ನೀವು. ಹೊಟ್ಟೆ ಮೇಲೆ ಹೊಡ್ಸ್ಕೊಂಡಿದ್ದು ನಾವು."

"ಹೌದು ಕಣಯ್ಯಾ."

"ನಾನು ದಿನಾ ರಾತ್ರಿ ಯೋಚ್ನೆ ಮಾಡ್ತಿದ್ದೆ, ನನ್ನ ಹೊಗೆ ಅಷ್ಟು ಮೇಲಕ್ಕೆ ಹೇಗೆ ಬರುತ್ತೆ ಅಂತ. ನೀವು ಹೇಳಿದ್ರಿ ಅಂತ ನಂಬ್ದೆ."

ಅವನು ಕೂತಿರುವಾಗಲೇ ಮೇಷ್ಟ್ರು ತಂತಿ ಫೋನು ಎತ್ತಿ ಮೇಡಂಗೆ ಕರೆ ಮಾಡಿದರು. ಅವನ ಎದುರಿಗೇ ಮತ್ತೊಂದು ಸಲ ಎಲ್ಲ ಹೇಳಿದರು.

"ಹನ್ನೊಂದನೇದು ಯಾಕೆ ನೋಡ್ಲಿಲ್ಲ ಸರ್?"

"ಬಗ್ಗೋಕಾಗ್ತಿರ್ಲಿಲ್ಲ ಮೇಡಂ."

"ಹೇಳ್ಬಹುದಿತ್ತಲ್ಲ."

"ಹೇಳ್ಬಹುದಿತ್ತು."

"ಗೂಡಿನ ಆದೇಶ ನಾಳೆನೇ ವಾಪಸ್ ತೆಗೆಸ್ತೀನಿ. ನಿಮ್ಮ ವಿಷಯ ಮೇಲಿನವರಿಗೆ ನಾನು ಬರೀಲೇಬೇಕಾಗುತ್ತೆ. ಬಹುಶಃ ಕೆಳಗೆ ಕರೆಸ್ಕೋತಾರೆ." ಮೇಡಂ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಇತ್ತು. "ಆ ಗಂಟೆಗಳನ್ನ ಮಾತ್ರ ನೀವೇ ಗುರುತು ಹಾಕಿ ಕಳಿಸ್ಬೇಕು ಸರ್. ಯಾವತ್ತು ಎಷ್ಟೊತ್ತಿಂದ ಎಷ್ಟೊತ್ತಿನ ತನಕ ಅಲ್ಲಿ ಕೂತಿದ್ರಿ ಅಂತ ನಿಮಗೇ ತಾನೇ ಗೊತ್ತಿರೋದು."

ಗೂಡಿನವನು ಎದ್ದ. ಬಾಗಿಲ ತನಕ ಹೋಗಿ, "ನೀರು ತರ್ತೀನಿ," ಅಂದ. ತಂದ ಕೂಡಾ, ವಾರಕ್ಕೆರಡು ಸಲ, ತಪ್ಪದೆ. ಆದರೆ ಆವತ್ತಿನಿಂದ ಕ್ಯಾನನ್ನು ಗೇಟಿನ ಹತ್ತಿರ ಇಳಿಸಿ, ಹಾರನ್ ಮಾಡಿ, ತಿರುಗಿಸಿಕೊಂಡು ಹೋಗುತ್ತಿದ್ದ. ಮೇಷ್ಟ್ರು ಹೊರಗೆ ಬರುವಷ್ಟರಲ್ಲಿ ಟ್ರ್ಯಾಕ್ಟರು ತಿರುವು ದಾಟಿರುತ್ತಿತ್ತು. ಅವನ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರುವುದಿಲ್ಲ.

ಮೇಷ್ಟ್ರು ಗುರುತು ಹಾಕಲು ಕೂತರು. ಕಚೇರಿಯ ನಮೂನೆಯಲ್ಲಿ ನಾಲ್ಕು ಕಲಂ: ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಆಗ ನಿರ್ವಾಹಕ, ಅಂದರೆ ಯಂತ್ರ ನೋಡಿಕೊಳ್ಳುವವನು, ಏನು ಮಾಡುತ್ತಿದ್ದ. ನಾಲ್ಕನೆಯದರಲ್ಲಿ ಅವರು ಎಂಟು ವರ್ಷ ಬರೆದದ್ದು ಜಾಲರಿ ಒರೆಸಿದ್ದು, ಕಂಬಕ್ಕೆ ಬಣ್ಣ ಹೊಡೆದದ್ದು, ಇಂಥವೇ. ಸೋರಿಕೆ ಅಂತ ಒಂದೇ ಪದ ಹಾಕಿದರೆ ಸಾಕು ಅಂತ ಮೇಡಂ ಹೇಳಿದ್ದರು. ಸುಳ್ಳು ಟಿಕ್ ಹಾಕಿ ಹಾಕಿ ಸಾಕಾಗಿತ್ತು ಅವರಿಗೆ. "ಅಕ್ಕನ ಜೊತೆ ಮಾತು" ಅಂತ ಬರೆದರು. ಕೆಳಗಿನ ಸಾಲಿನಲ್ಲೂ ಅದನ್ನೇ ಬರೆದರು. ಗ್ರಾಫಿನಲ್ಲಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ನೋಡಿ ನೋಡಿ ನಾನೂರರಷ್ಟು ಸಾಲು. ಕೆಲವು ದಿನಗಳ ಮಾತು ನೆನಪಾಗುತ್ತಿತ್ತು, ಆಗ ಪೆನ್ನು ನಿಲ್ಲಿಸಿ ಸ್ವಲ್ಪ ನಗುತ್ತಿದ್ದರು. ಬಹಳಷ್ಟು ನೆನಪಾಗುತ್ತಿರಲಿಲ್ಲ. ಒಂದು ಗಂಟೆ ಏನು ಮಾತಾಡಿದೆವೋ, ಒಂದು ಅಕ್ಷರವೂ ತಲೆಯಲ್ಲಿ ಉಳಿದಿಲ್ಲವಲ್ಲ ಅಂತ ಕಣ್ಣು ತುಂಬಿ ಬರುತ್ತಿತ್ತು. ನಾಲ್ಕು ದಿನ ಹಿಡಿಯಿತು.

ಕೊನೆಗೆ ಹನ್ನೊಂದನೇ ತಾರೀಖು ಬಂತು. ಅಕ್ಕ ಹೋಗುವ ಹಿಂದಿನ ದಿನ. ಉಬ್ಬು ಎಂದಿನ ಹಾಗೇ ಇತ್ತು: ನಾಲ್ಕಕ್ಕೆ ಏರಿ, ಐದಕ್ಕೆ ಹತ್ತು ನಿಮಿಷ ಇರುವಾಗ ಇಳಿದಿತ್ತು. ಗ್ರಾಫು ನೋಡಿದವರು ಅವತ್ತೂ ಐವತ್ತು ನಿಮಿಷ ಮಾತಾಡಿದ್ದಾರೆ ಅಂತಲೇ ಹೇಳುತ್ತಿದ್ದರು. ಮೇಷ್ಟ್ರಿಗೆ ಗೊತ್ತಿತ್ತು. ಅವತ್ತು ಇವರು ಫೋನು ಎತ್ತಿದ ಕೂಡಲೇ ಅಕ್ಕ, "ಆ ಹನ್ನೊಂದನೇದು ನೋಡಿದ್ಯೇನೋ? ಆ ಮನುಷ್ಯನ ಮನೆ ಹಾಳಾಗುತ್ತೆ ಪುಟ್ಟ," ಅಂದಿದ್ದಳು. ಇವರಿಗೆ ರೇಗಿತ್ತು. ಕಚೇರಿ ಫೋನು ಬಡ್ಕೋತಿದೆ, ಆಮೇಲೆ ಮಾಡ್ತೀನಿ, ಅಂತ ಸುಳ್ಳು ಹೇಳಿ ಇಟ್ಟುಬಿಟ್ಟಿದ್ದರು. ಮೊಬೈಲಿನಲ್ಲಿ ಆ ಕರೆಯ ಲೆಕ್ಕ ಇನ್ನೂ ಇತ್ತು, ನಾಲ್ಕು ನಿಮಿಷ. ಆಮೇಲೆ ಅವರು ಮಾಡಲಿಲ್ಲ. ಬೇಕಿದ್ದರೆ ಅವಳೇ ಮಾಡಲಿ ಅಂತ ಮುನಿಸಿಕೊಂಡು, ಫೋನನ್ನು ಕೈಯಲ್ಲೇ ಹಿಡಿದುಕೊಂಡು, ಅದೇ ಮಣೆಯ ಮೇಲೆ ಕೂತಿದ್ದರು. ಅವಳೂ ಮಾಡಲಿಲ್ಲ.

ಇಡೀ ಗಂಟೆಗೆ "ಅಕ್ಕನ ಜೊತೆ ಮಾತು" ಅಂತ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಮೇಷ್ಟ್ರು ಆ ಒಂದು ದಿನಕ್ಕೆ ಮಾತ್ರ ಎರಡು ಸಾಲು ಬರೆದರು. ನಾಲ್ಕರಿಂದ ನಾಲ್ಕು ಗಂಟೆ ನಾಲ್ಕು ನಿಮಿಷ: ಅಕ್ಕನ ಜೊತೆ ಮಾತು. ಅಲ್ಲಿಂದ ಐದಕ್ಕೆ ಹತ್ತು ನಿಮಿಷ ಇರುವ ತನಕ: ನಿರ್ವಾಹಕ ಸುಮ್ಮನೆ ಕೂತಿದ್ದ.